ಸುಗಂಧರಾಜದ ಗೆಡ್ಡೆ: ನೆಡುವುದು, ಕೀಳುವುದು, ಕಾದಿಡುವುದು, ಮತ್ತೆ ನೆಡುವುದು

ಸುಗಂಧರಾಜ ಸುಲಭದ ಗಿಡ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಪ್ರತಿ ವರ್ಷ ಅವೇ ದೂರುಗಳು. "ನೆಟ್ಟು ಎರಡು ತಿಂಗಳಾಯಿತು, ಮೊಳಕೆಯೇ ಇಲ್ಲ, ಅಗೆದು ನೋಡಿದರೆ ಗೆಡ್ಡೆ ಕೊಳೆತಿದೆ." "ಕುಂಡದ ತುಂಬ ಎಲೆ, ಹೂವು ಮಾತ್ರ ಇಲ್ಲ." "ಮೊದಲ ವರ್ಷ ಚೆನ್ನಾಗಿ ಬಿಟ್ಟಿತು, ಈಗ ಬರೀ ಹುಲ್ಲಿನ ಥರ ಬೆಳೆದಿದೆ." "ಕಿತ್ತು ಇಟ್ಟ ಗೆಡ್ಡೆಗೆಲ್ಲ ಬೂಷ್ಟು ಹಿಡಿಯಿತು."

ಕೇಳಲು ಬೇರೆ ಬೇರೆ ತೊಂದರೆಗಳು. ವಿಚಾರಿಸಿದರೆ ಹೆಚ್ಚಿನವರಲ್ಲಿ ಕೆಲಸದ ಸರದಿ ತಪ್ಪಿರುತ್ತದೆ. ನೀರು ನಿಲ್ಲಿಸಬೇಕಾದ ಹೊತ್ತಿನಲ್ಲಿ ನೀರು ಹಾಕಿರುತ್ತಾರೆ. ಒಣಗುವ ಮೊದಲೇ ಚೀಲಕ್ಕೆ ತುಂಬಿರುತ್ತಾರೆ. ಕಿತ್ತ ದಿನವೇ ಮತ್ತೆ ನೆಟ್ಟಿರುತ್ತಾರೆ. ಹಾಗಾಗಿ ಇಲ್ಲಿ ಸರದಿಯ ಪ್ರಕಾರವೇ ಹೇಳುತ್ತೇನೆ. ನಡುವಿನ ಒಂದು ಹಂತ ಬಿಟ್ಟರೂ ಮುಂದಿನದು ಕೈಕೊಡುತ್ತದೆ.

ತಿಂಗಳುಗಳ ಲೆಕ್ಕ ಬೆಂಗಳೂರು, ತುಮಕೂರು, ಕೋಲಾರ, ಮೈಸೂರು ಕಡೆಯ ಹವೆಗೆ ಹೊಂದುತ್ತದೆ. ಕರಾವಳಿ, ಮಲೆನಾಡಿನವರಿಗೆ ಎಲ್ಲಿ ಬದಲಾಗುತ್ತದೋ ಅಲ್ಲಲ್ಲೇ ಹೇಳಿದ್ದೇನೆ.

ಶುರು ಮಾಡುವ ಮೊದಲು

ಎರಡು ವಿಷಯ ತಲೆಯಲ್ಲಿರಲಿ. ಒಂದು, ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಹೂದಂಟು ಬಂದು ಹೋದ ಮೇಲೆ ಆ ತಾಯಿಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ. ಅದರ ಸುತ್ತ ಹುಟ್ಟುವ ಮರಿಗೆಡ್ಡೆಗಳು ದಪ್ಪ ಆದ ಮೇಲೆ ಅವು ಬಿಡುತ್ತವೆ. ನಾವು ಎರಡನೇ ವರ್ಷ ನೋಡುವ ಹೂವೆಲ್ಲ ಮರಿಗಳದ್ದು.

ಎರಡು, ಆಗಷ್ಟೇ ಕಿತ್ತ ಗೆಡ್ಡೆ ನಿದ್ದೆಯಲ್ಲಿರುತ್ತದೆ. ಅದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ವಿಶ್ರಾಂತಿ ಬೇಕು. ಆ ಸಮಯದಲ್ಲಿ ಅದಕ್ಕೆ ನೀರು ಕುಡಿಯುವ ಬೇರೂ ಇಲ್ಲ, ಬೇಕು ಎನ್ನುವ ಎಲೆಯೂ ಇಲ್ಲ. ಮೇಲೆ ಸುರಿದ ನೀರೆಲ್ಲ ಸುಮ್ನೆ ಮಣ್ಣಲ್ಲಿ ನಿಂತು ಗೆಡ್ಡೆಯನ್ನು ಕೊಳೆಸುತ್ತದೆ.

ಹಂತ 1: ಬೇಕಾದ ಸಾಮಾನು

ಹೆಚ್ಚೇನೂ ಬೇಡ. ಅಗೆಯಲು ಗುದ್ದಲಿ ಅಥವಾ ಸಣ್ಣ ಹಾರೆ, ಕುಂಡಕ್ಕಾದರೆ ಕೈಸಲಿಕೆ. ಎಲೆ, ಬೇರು ಕತ್ತರಿಸಲು ಹರಿತವಾದ ಕತ್ತರಿ. ಒಣಗಿಸಲು ಮೊರ ಅಥವಾ ಗೋಣಿಚೀಲ. ಕಾದಿಡಲು ಈರುಳ್ಳಿ ಬರುವ ಬಲೆ ಚೀಲ. ಹೆಸರು ಬರೆಯಲು ಮಾರ್ಕರ್ ಪೆನ್ನು. ಗೆಡ್ಡೆಗಳೆಲ್ಲ ನೋಡಲು ಒಂದೇ ಥರ, ಬರೆದಿಡದಿದ್ದರೆ ಯಾವುದು ಸುತ್ತುಸುತ್ತಿನ ಹೂವು, ಯಾವುದು ಒಂದೇ ಸುತ್ತಿನ ಎಸಳಿನ ಹೂವು ಅಂತ ತಿಳಿಯುವುದು ಹೂ ಬಿಟ್ಟ ಮೇಲೇ.

ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಬೇವಿನ ಹಿಂಡಿ, ದಪ್ಪ ಮರಳು. ಗೆಡ್ಡೆಯ ಉಪಚಾರಕ್ಕೆ ಟ್ರೈಕೋಡರ್ಮಾ ಅಥವಾ ಕಾರ್ಬೆಂಡಾಜಿಮ್, ಎರಡರಲ್ಲಿ ಒಂದು ಮಾತ್ರ. ಎರಡನ್ನೂ ಕೂಡಿಸಿ ಹಾಕುವವರಿದ್ದಾರೆ. ಕಾರ್ಬೆಂಡಾಜಿಮ್ ಶಿಲೀಂಧ್ರವನ್ನು ಕೊಲ್ಲುವ ಮದ್ದು, ಟ್ರೈಕೋಡರ್ಮಾ ಸ್ವತಃ ಒಂದು ಶಿಲೀಂಧ್ರ. ಎರಡೂ ಹಾಕಿದರೆ ಟ್ರೈಕೋಡರ್ಮಾಕ್ಕೆ ಕೊಟ್ಟ ದುಡ್ಡು ದಂಡ.

ಹಂತ 2: ಗೆಡ್ಡೆ ಆರಿಸುವುದು

ಹೂ ಬರುತ್ತದೋ ಇಲ್ಲವೋ ಎನ್ನುವುದರಲ್ಲಿ ಅರ್ಧ ಇಲ್ಲೇ ತೀರ್ಮಾನ ಆಗುತ್ತದೆ. ಗೆಡ್ಡೆಯ ದಪ್ಪ 2 ರಿಂದ 3 ಸೆಂಟಿಮೀಟರ್ ಇರಬೇಕು. ಅಂದರೆ ಹೆಬ್ಬೆರಳಿನಷ್ಟು, ಅಥವಾ ಸ್ವಲ್ಪ ಜಾಸ್ತಿ. 1.5 ಸೆಂಟಿಮೀಟರಿಗಿಂತ ಸಣ್ಣದಾದರೆ ಎಲೆ ಬರುತ್ತದೆ, ಹೂವಿಗೆ ಬಹಳ ಕಾಯಬೇಕು. "ಬರೀ ಎಲೆ" ಎನ್ನುವವರಲ್ಲಿ ಎಷ್ಟೋ ಜನ ನೆಟ್ಟಿರುವುದು ಇಂಥ ಮರಿಗಳನ್ನೇ.

ಗೆಡ್ಡೆಯನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿರಬೇಕು. ಮುಖ್ಯವಾಗಿ ತಳ, ಅಂದರೆ ಬೇರು ಹೊರಡುವ ಜಾಗ, ಗಟ್ಟಿಯಾಗಿ ಒಣಗಿರಬೇಕು. ತಳ ಮೆತ್ತಗಿದ್ದರೆ, ಹುಳಿ ವಾಸನೆ ಬಂದರೆ ತೆಗೆದುಕೊಳ್ಳಬೇಡಿ. ಮೇಲಿನ ಕಂದು ಸಿಪ್ಪೆ ಒಣಗಿ ಉದುರುತ್ತಿದ್ದರೆ ಚಿಂತೆ ಇಲ್ಲ, ಅದು ಸಹಜ.

ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ಗೆಡ್ಡೆಯ ನೆತ್ತಿಯ ನಡುವೆ ಒಣಗಿದ ಗಟ್ಟಿ ದಂಟಿನ ತುಂಡು ಇದೆಯಾ ನೋಡಿ. ಇದ್ದರೆ ಅದು ಒಮ್ಮೆ ಹೂ ಬಿಟ್ಟು ಮುಗಿಸಿದ ತಾಯಿಗೆಡ್ಡೆ. ಎಷ್ಟು ದಪ್ಪ ಇದ್ದರೂ ಅದರಿಂದ ಮತ್ತೆ ಹೂ ಬರುವುದಿಲ್ಲ, ಮರಿಗಳು ಮಾತ್ರ ಬರುತ್ತವೆ. ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣದಲ್ಲಿ ಇಂಥವು ಬಂದರೆ ವಾಪಸ್ ಕಳಿಸಲು ನಾಚಿಕೆ ಬೇಡ.

ತಳಿಯ ಬಗ್ಗೆ ಎರಡೇ ಮಾತು. ಮಾಲೆಗೆ, ಮುಡಿಗೆ, ಪೂಜೆಗೆ ಬಿಡಿ ಹೂವು ಬೇಕಿದ್ದರೆ ಒಂದು ಸುತ್ತಿನ ಎಸಳಿನದು. ಘಮವೂ ಇದರದ್ದೇ ಜಾಸ್ತಿ. ಹೂದಾನಿಗೆ ಕಡ್ಡಿ ಸಮೇತ ಬೇಕಿದ್ದರೆ ಸುತ್ತುಸುತ್ತಿನದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್, ಅರ್ಕಾ ನಿರಂತರ ಮೊದಲನೆಯ ಬಗೆ. ಸುವಾಸಿನಿ, ವೈಭವ್ ಎರಡನೆಯದು. ಮೊದಲ ಸಲ ಬೆಳೆಯುವವರಿಗೆ ನನ್ನ ಆಯ್ಕೆ ಪ್ರಜ್ವಲ್. ಮೊಗ್ಗಿನ ತುದಿಯಲ್ಲಿ ತೆಳು ಗುಲಾಬಿ ಬಣ್ಣ ಕಂಡರೆ ತಪ್ಪು ತಳಿ ಬಂತು ಅಂದುಕೊಳ್ಳಬೇಡಿ. ಅದರ ಮೊಗ್ಗೇ ಹಾಗೆ, ಅರಳಿದಾಗ ಬೆಳ್ಳಗಾಗುತ್ತದೆ.

ಹಂತ 3: ಜಾಗ ಮತ್ತು ಮಣ್ಣು

ದಿನಕ್ಕೆ ಕಡಿಮೆ ಎಂದರೂ 6 ಗಂಟೆ ನೇರ ಬಿಸಿಲು ಬೇಕು. ಬೇರೆ ಎಲ್ಲ ಸರಿ ಮಾಡಿ ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಇಟ್ಟರೆ ಹಸಿರು ಎಲೆಗಳಷ್ಟೇ ಸಿಗುತ್ತವೆ. ಅಲ್ಲಿ ಬೇರೆ ಗಿಡ ಬೆಳೆಸಿ.

ನೆಲದಲ್ಲಿ ನೆಡುವುದಾದರೆ ನೀರು ಬಸಿದು ಹೋಗುವ ಮಣ್ಣು ಬೇಕು. ಮಣ್ಣಿನ ರಸಸಾರ (pH) 6.5 ರಿಂದ 7.5 ಇದ್ದರೆ ಒಳ್ಳೆಯದು. ಕೆಂಪು ಮಣ್ಣಿನವರಿಗೆ ಅಷ್ಟು ತಲೆನೋವಿಲ್ಲ. ಎರೆಮಣ್ಣಿನವರು 15 ಸೆಂಟಿಮೀಟರಾದರೂ ಎತ್ತರದ ಏರುಮಡಿ ಮಾಡಿ, ಮರಳು, ಗೊಬ್ಬರ ಸೇರಿಸಿಯೇ ನೆಡಬೇಕು. ಒಂದು ಗುಣಿ ತೋಡಿ ನೀರು ತುಂಬಿಸಿ ನೋಡಿ. ಒಂದೆರಡು ಗಂಟೆಯಲ್ಲಿ ಇಂಗದಿದ್ದರೆ ಆ ಜಾಗ ಏರುಮಡಿ ಇಲ್ಲದೆ ಆಗುವುದಿಲ್ಲ.

ಕುಂಡವಾದರೆ 12 ಇಂಚಿನದು ಸರಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಳಿತ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ವಿಷಯದಲ್ಲಿ ಹುಷಾರು. ಅದು ತೇವ ಹಿಡಿದಿಡುತ್ತದೆ, ಮೇಲೆ ಒಣಗಿದಂತೆ ಕಂಡರೂ ಕೆಳಗೆ ಒದ್ದೆ ಇರುತ್ತದೆ. ಎಲೆಗಿಡಗಳಿಗೆ ಅನುಕೂಲವಾದ ಇದೇ ಗುಣ ಗೆಡ್ಡೆಗೆ ಅಪಾಯ. ಹಾಕಲೇಬೇಕಿದ್ದರೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಕುಂಡದ ಕೆಳಗೆ ತಟ್ಟೆ ಇಟ್ಟು ಅದರಲ್ಲಿ ನೀರು ನಿಲ್ಲುವುದೂ ಬೇಡ.

ಹಸಿ ಸಗಣಿ, ಅರ್ಧ ಕೊಳೆತ ಅಡುಗೆಮನೆ ಕಸ ಇವನ್ನು ಗೆಡ್ಡೆಯ ಹತ್ತಿರ ಸೇರಿಸಲೇಬೇಡಿ. ಮಣ್ಣಲ್ಲಿ ಅವು ಕೊಳೆಯುವಾಗ ಜೊತೆಗೆ ಗೆಡ್ಡೆಯೂ ಹೋಗುತ್ತದೆ.

ಹಂತ 4: ನೆಡುವುದು

ಬಯಲುಸೀಮೆಯಲ್ಲಿ ಏಪ್ರಿಲ್, ಮೇ ಸರಿಯಾದ ಕಾಲ. ಮುಂಗಾರು ಜೋರಾಗುವ ಹೊತ್ತಿಗೆ ಗಿಡಕ್ಕೆ ಬೇರು ಬಂದಿರುತ್ತದೆ. ಕರಾವಳಿ, ಮಲೆನಾಡಿನವರು ಅದೇ ಲೆಕ್ಕದಲ್ಲಿ ನೆಟ್ಟರೆ ಎಳೆಗಿಡ ಆಷಾಢದ ಮಳೆಗೆ ಸಿಕ್ಕಿಬೀಳುತ್ತದೆ. ಅವರು ಕುಂಡವನ್ನು ಸೂರಿನ ಕೆಳಗಿಡಬೇಕು, ಇಲ್ಲವಾದರೆ ಮಳೆ ತಗ್ಗಿದ ಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನೆಡುವುದು ವಾಸಿ.

ನೆಡುವ ಹಿಂದಿನ ದಿನ ಗೆಡ್ಡೆಗೆ ಉಪಚಾರ ಮಾಡಿ. ಕಾರ್ಬೆಂಡಾಜಿಮ್ ಆದರೆ ಲೀಟರ್ ನೀರಿಗೆ 2 ಗ್ರಾಂ ಕಲಸಿ, ಅರ್ಧ ಗಂಟೆ ಮುಳುಗಿಸಿ, ನೆರಳಲ್ಲಿ ಆರಿಸಿ. ಕೈಗೆ ಗ್ಲೌಸ್ ಇರಲಿ, ಪಾತ್ರೆ ಅಡುಗೆಯದಾಗದಿರಲಿ, ಮಕ್ಕಳನ್ನು ದೂರ ಇಡಿ. ಮನೆಯ ನಾಲ್ಕಾರು ಕುಂಡಗಳಿಗೆ ಅಷ್ಟೆಲ್ಲ ಬೇಡ ಅನಿಸಿದರೆ ಟ್ರೈಕೋಡರ್ಮಾವನ್ನು ಗೊಬ್ಬರಕ್ಕೆ ಕಲಸಿ ಮಣ್ಣಿಗೆ ಸೇರಿಸಿದರೆ ಸಾಕು.

ಮೊನಚು ತುದಿ ಮೇಲಕ್ಕೆ, ಬೇರಿನ ತಳ ಕೆಳಕ್ಕೆ. ಆಳ 5 ರಿಂದ 6 ಸೆಂಟಿಮೀಟರ್. ಗಟ್ಟಿ ಮಣ್ಣಾದರೆ ಕೊಂಚ ಕಡಿಮೆ. ತೀರಾ ಮೇಲೆ ನೆಟ್ಟರೆ ಹೂದಂಟು ಗಾಳಿಗೆ ಬುಡಸಮೇತ ವಾಲುತ್ತದೆ, ತೀರಾ ಆಳಕ್ಕೆ ಹೋದರೆ ಮೊಳಕೆ ತಡವಾಗುತ್ತದೆ. ನೆಲದಲ್ಲಿ ಸಾಲಿನಿಂದ ಸಾಲಿಗೆ 30, ಗೆಡ್ಡೆಯಿಂದ ಗೆಡ್ಡೆಗೆ 20 ರಿಂದ 30 ಸೆಂಟಿಮೀಟರ್ ಬಿಡಿ. 12 ಇಂಚಿನ ಕುಂಡಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಜಾಗ ಖಾಲಿ ಕಾಣುತ್ತದೆ ಅಂತ ಹತ್ತು ತುರುಕಬೇಡಿ. ವರ್ಷದೊಳಗೆ ಮರಿಗಳೇ ಅದನ್ನು ತುಂಬುತ್ತವೆ.

ಹಂತ 5: ಮೊಳಕೆ ಬರುವವರೆಗೆ ನೀರು

ಅತಿ ಹೆಚ್ಚು ಗೆಡ್ಡೆಗಳು ಸಾಯುವುದು ಈ ಎರಡು ಮೂರು ವಾರಗಳಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸೋಣ.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಮಣ್ಣು ಗೆಡ್ಡೆಗೆ ಅಂಟಿಕೊಳ್ಳಬೇಕು. ಆಮೇಲೆ ಕೈಕಟ್ಟಿ ಕುಳಿತುಕೊಳ್ಳಿ. ಹಸಿರು ತುದಿ ಮಣ್ಣಿನಿಂದ ಹೊರಗೆ ಇಣುಕುವವರೆಗೆ ದಿನಾ ನೀರು ಹಾಕುವ ಅಭ್ಯಾಸ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಮಣ್ಣು ಪೂರ್ತಿ ಒಣಗುತ್ತದೆ ಎನಿಸಿದರೆ ತೋರುಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಇಳಿಸಿ ನೋಡಿ. ಅಲ್ಲೂ ಒಣಗಿದ್ದರೆ ಮಾತ್ರ ಒಂದು ಲೋಟ. ತಂಪಾಗಿ ತಾಕಿದರೆ ಆ ದಿನ ಬಿಟ್ಟುಬಿಡಿ.

ಸಾಮಾನ್ಯವಾಗಿ ಎರಡರಿಂದ ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಎಲ್ಲವೂ ಒಟ್ಟಿಗೆ ಏಳುವುದಿಲ್ಲ, ಕೆಲವು ತಡ. ಪದೇ ಪದೇ ಕೆದಕಿ ನೋಡಿದರೆ ಎಳೆ ಬೇರು ಮುರಿಯುತ್ತದೆ. ಐದಾರು ವಾರವಾದರೂ ಏನೂ ಇಲ್ಲ ಎಂದಾಗ ಮಾತ್ರ ಪಕ್ಕದಿಂದ ಮಣ್ಣು ಸರಿಸಿ ಒತ್ತಿ ನೋಡಿ. ಗಟ್ಟಿ ಇದ್ದರೆ ಮುಚ್ಚಿ ಕಾಯಿರಿ. ಮೆತ್ತಗಿದ್ದರೆ ಅದನ್ನೂ ಸುತ್ತಲಿನ ಹಿಡಿ ಮಣ್ಣನ್ನೂ ತೆಗೆದು ಎಸೆಯಿರಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಹಂತ 6: ಮೊಳಕೆಯಿಂದ ಹೂವಿನವರೆಗೆ

ಎಲೆ ನಾಲ್ಕೈದು ಬಂದ ಮೇಲೆ ಗಿಡದ ಹಸಿವು ಬಾಯಾರಿಕೆ ಎರಡೂ ಹೆಚ್ಚುತ್ತವೆ. ಈಗ ನೀರು ಧಾರಾಳವಾಗಿ ಕೊಡಬಹುದು. ನೆಲದಲ್ಲಿ ಮಳೆ ಇಲ್ಲದಾಗ ವಾರಕ್ಕೊಮ್ಮೆ, ಕುಂಡದಲ್ಲಿ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ. ಎಲೆಗಳ ನಡುವಿನ ಸುಳಿಗೆ ಸುರಿಯದೆ ಬುಡದ ಸುತ್ತ ಹಾಕಿ.

ಗೊಬ್ಬರ ತಿಂಗಳಿಗೊಮ್ಮೆ ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ. ಯೂರಿಯಾ ಹಾಕಿ ಹಾಕಿ ಎಲೆ ಕಡುಹಸಿರು ಮಾಡುವವರಿದ್ದಾರೆ. ಆ ಗಿಡ ಎಲೆಯಲ್ಲೇ ಮುಗಿಯುತ್ತದೆ, ಬುಡವೂ ಮೆತ್ತಗಾಗಿ ರೋಗ ಬೇಗ ಹಿಡಿಯುತ್ತದೆ. ರಾಸಾಯನಿಕ ಗೊಬ್ಬರ ಹಾಕುವುದಾದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಇರುವುದನ್ನು ಹಾಕಿ.

ಒಳ್ಳೆಯ ದಪ್ಪದ ಗೆಡ್ಡೆಯಾದರೆ ನೆಟ್ಟ 90 ರಿಂದ 100 ದಿನಕ್ಕೆ ಹೂದಂಟು ಕಾಣಬೇಕು. ದಂಟು ಎದ್ದ ಮೇಲೆ ಗಾಳಿ ಇರುವ ತಾರಸಿಯಲ್ಲಿ ಬಿದಿರು ಕಡ್ಡಿ ನೆಟ್ಟು ಸಡಿಲವಾಗಿ ಕಟ್ಟಿ. ಕಡ್ಡಿಯನ್ನು ಬುಡದಿಂದ ದೂರ ಊರಿ. ಹತ್ತಿರ ಚುಚ್ಚಿದರೆ ಗೆಡ್ಡೆಗೇ ತಗಲುತ್ತದೆ. ಹೂದಾನಿಗೆ ಕೊಯ್ಯುವುದಾದರೆ ಕೆಳಗಿನ ಎರಡು ಮೂರು ಹೂ ಅರಳಿದಾಗ ಕೊಯ್ಯಿರಿ. ಹೂ ಮುಗಿದ ದಂಟನ್ನು ಬುಡದ ಹತ್ತಿರ ಕತ್ತರಿಸಿ, ಎಲೆಗೆ ಮಾತ್ರ ಕೈಹಚ್ಚಬೇಡಿ. ಮರಿಗಳು ದಪ್ಪ ಆಗುವುದೇ ಆ ಎಲೆಗಳು ಮಾಡಿದ ಊಟದಿಂದ. ಅಂದ ಕೆಟ್ಟಿತು ಅಂತ ಹಸಿರು ಎಲೆ ಕತ್ತರಿಸಿದರೆ, ಗಂಟು ಹಾಕಿ ಕಟ್ಟಿದರೆ, ಮುಂದಿನ ವರ್ಷದ ಹೂವು ಕತ್ತರಿಸಿದಂತೆಯೇ.

ಹಂತ 7: ಯಾವಾಗ ಕೀಳಬೇಕು

ಪ್ರತಿ ವರ್ಷ ಕೀಳಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯುರೋಪ್, ಅಮೆರಿಕದ ವಿಡಿಯೊಗಳಲ್ಲಿ ಚಳಿಗಾಲಕ್ಕೆ ಮುಂಚೆ ಗೆಡ್ಡೆ ಅಗೆದು ಒಳಗಿಡುವುದನ್ನು ತೋರಿಸುತ್ತಾರೆ. ಅಲ್ಲಿ ಮಣ್ಣು ಹೆಪ್ಪುಗಟ್ಟುತ್ತದೆ, ಗೆಡ್ಡೆ ಸಾಯುತ್ತದೆ, ಹಾಗಾಗಿ ಅವರಿಗೆ ಬೇರೆ ದಾರಿ ಇಲ್ಲ. ನಮ್ಮಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಗಿಡ ಮಂದವಾಗುತ್ತದೆ ಅಷ್ಟೆ. ನೆಲದಲ್ಲಿ ಎರಡು ಮೂರು ವರ್ಷ, ಕುಂಡದಲ್ಲಿ ಎರಡು ವರ್ಷ ಹಾಗೇ ಬಿಡಬಹುದು.

ಕೀಳುವ ಕಾಲ ಬಂತು ಎಂದು ಗಿಡವೇ ತೋರಿಸುತ್ತದೆ. ಎಲೆಗಳು ತೆಳ್ಳಗೆ, ಒತ್ತೊತ್ತಾಗಿ ಹುಲ್ಲಿನಂತೆ ಬರುತ್ತವೆ. ಹೂದಂಟು ಗಿಡ್ಡ, ಹೂವಿನ ಎಣಿಕೆ ಕಡಿಮೆ. ಪ್ಲಾಸ್ಟಿಕ್ ಕುಂಡವಾದರೆ ಬದಿ ಉಬ್ಬಿರುತ್ತದೆ. ಹಾಕಿದ ನೀರು ಒಳಗಿಳಿಯದೆ ಮೇಲೇ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ಎಷ್ಟು ಗೊಬ್ಬರ ಕೊಟ್ಟರೂ ಹೂ ಬರುವುದಿಲ್ಲ, ಒಳಗೆ ಗೆಡ್ಡೆಗಳಿಗೆ ದಪ್ಪ ಆಗಲು ಜಾಗವೇ ಇಲ್ಲ.

ಹಂತ 8: ಕೀಳುವುದು

ಜನವರಿ ಕೊನೆಗೆ ನೀರು ನಿಲ್ಲಿಸಿ. ಮೂರು ನಾಲ್ಕು ವಾರದಲ್ಲಿ ಎಲೆ ಹಳದಿಯಾಗಿ ತುದಿಯಿಂದ ಒಣಗುತ್ತಾ ಬರುತ್ತದೆ. ನೋಡಲು ಬೇಸರ, ಆದರೆ ಮನಸ್ಸು ಕರಗಿ ನೀರು ಹಾಕಬೇಡಿ. ಒಣಗುವಾಗ ಎಲೆಯಲ್ಲಿದ್ದ ಸತ್ವ ಗೆಡ್ಡೆಗೆ ಇಳಿಯುತ್ತಿರುತ್ತದೆ. ಹಸಿರಿರುವಾಗಲೇ ಕಿತ್ತ ಗೆಡ್ಡೆ ಬಲಿತಿರುವುದಿಲ್ಲ, ಇಟ್ಟಲ್ಲಿ ಸೊರಗುತ್ತದೆ.

ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಮಣ್ಣು ಒಣಗಿದ ದಿನ ಅಗೆಯಿರಿ. ಬುಡದಿಂದ 15 ಸೆಂಟಿಮೀಟರ್ ದೂರದಲ್ಲಿ, 20 ಸೆಂಟಿಮೀಟರ್ ಆಳಕ್ಕೆ ಸುತ್ತಲೂ ಹಾರೆ ಇಳಿಸಿ, ಇಡೀ ಹಿಂಡನ್ನು ಕೆಳಗಿನಿಂದ ಮೀಟಿ ಎತ್ತಿ. ಎಲೆ ಹಿಡಿದು ಎಳೆದರೆ ಕತ್ತು ಕಿತ್ತುಬಂದು ಗೆಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಕುಂಡವಾದರೆ ಮಗುಚಿ ಹಾಕಿ, ಬದಿಗೆ ತಟ್ಟಿ.

ಮಣ್ಣು ಕೊಡವಿ, ತೊಳೆಯಬೇಡಿ. ಶುಚಿ ಮಾಡುವ ಉತ್ಸಾಹದಲ್ಲಿ ನಲ್ಲಿ ಕೆಳಗೆ ಹಿಡಿಯುವುದು ಬೂಷ್ಟಿಗೆ ಆಹ್ವಾನ. ಪದರಗಳ ನಡುವೆ ಹೋದ ನೀರು ಸುಲಭಕ್ಕೆ ಆರುವುದಿಲ್ಲ. ಗುದ್ದಲಿ ತಾಗಿ ಗಾಯವಾದ ಗೆಡ್ಡೆಗಳನ್ನು ಬೇರೆ ಇಡಿ, ಅವು ಕಾದಿಡಲು ಆಗುವುದಿಲ್ಲ.

ಹಂತ 9: ಒಣಗಿಸುವುದು, ಬಿಡಿಸುವುದು

ಎಲೆಯನ್ನು ನಾಲ್ಕೈದು ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಹಿಂಡನ್ನು ಹಾಗೇ ಗೋಣಿಚೀಲದ ಮೇಲೆ ಗಾಳಿಯಾಡುವ ನೆರಳಲ್ಲಿ ಹರಡಿ. ಬಿಸಿಲು ಬೇಡ, ಮಾರ್ಚಿನ ಬಿಸಿಲಿಗೆ ತಾರಸಿಯಲ್ಲಿ ಹಾಕಿದರೆ ಗೆಡ್ಡೆ ಬೆಂದೇ ಹೋಗುತ್ತದೆ. ಎರಡು ಮೂರು ದಿನ ಆರಿದ ಮೇಲೆ ಕೈಯಲ್ಲೇ ಬಿಡಿಸಬಹುದು. ಬಿಡದಿದ್ದರೆ ಬಲವಂತ ಮಾಡಬೇಡಿ, ಇನ್ನೆರಡು ದಿನ ಬಿಡಿ. ಒಣ ಬೇರುಗಳನ್ನು ತಳಕ್ಕೆ ತಾಗದಂತೆ ಕತ್ತರಿಸಿ.

ಈಗ ಮೂರು ಗುಂಪು ಮಾಡಿ. 2 ಸೆಂಟಿಮೀಟರಿಗಿಂತ ದಪ್ಪ ಇದ್ದು ದಂಟಿನ ತುಂಡು ಇಲ್ಲದವು ಈ ವರ್ಷ ಹೂ ಕೊಡುವವು. 1 ರಿಂದ 2 ಸೆಂಟಿಮೀಟರಿನವು ತಡವಾಗಿ ಕೊಡುವವು. ಅದಕ್ಕಿಂತ ಸಣ್ಣವನ್ನು ಬೇರೆ ಮಡಿಯಲ್ಲಿ 10 ಸೆಂಟಿಮೀಟರ್ ಅಂತರದಲ್ಲಿ ಬೆಳೆಸಿಕೊಳ್ಳಬಹುದು, ಹೂವಿನ ಆಸೆ ಈ ವರ್ಷ ಬೇಡ. ಹೂ ಬಿಟ್ಟು ಮುಗಿಸಿದ ಹಳೆ ತಾಯಿಗೆಡ್ಡೆ ಎಸೆದರೆ ನಷ್ಟವಿಲ್ಲ.

ಬಿಡಿಸಿದ ಮೇಲೆ ಮತ್ತೆ ಒಂದು ವಾರ ನೆರಳಲ್ಲಿ ಒಣಗಿಸಿ, ದಿನ ಬಿಟ್ಟು ದಿನ ಮಗುಚಿ. ಸಿಪ್ಪೆ ಕಾಗದದ ಥರ ಸದ್ದು ಮಾಡಿದರೆ, ತಳ ಒತ್ತಿದಾಗ ತೇವ ಇಲ್ಲದಿದ್ದರೆ ಮುಗಿಯಿತು.

ಹಂತ 10: ಕಾದಿಡುವುದು

ಬಲೆ ಚೀಲದಲ್ಲಿ ಅರ್ಧದಷ್ಟು ಮಾತ್ರ ತುಂಬಿ ಗಾಳಿಯಾಡುವ ನೆರಳಿನಲ್ಲಿ ನೇತು ಹಾಕಿ. ಚೀಲದ ಮೇಲೆ ತಳಿ, ಕಿತ್ತ ತಿಂಗಳು ಬರೆದ ಚೀಟಿ ಕಟ್ಟಿ. ಮೊರದಲ್ಲಿ ಒಂದೇ ಪದರವಾಗಿ ಹರಡಿಟ್ಟರೂ ಆದೀತು. ಪ್ಲಾಸ್ಟಿಕ್ ಕವರ್, ಮುಚ್ಚಿದ ಡಬ್ಬ, ಸಿಮೆಂಟ್ ನೆಲದ ಮೂಲೆ, ಫ್ರಿಜ್ಜಿನ ತರಕಾರಿ ಡ್ರಾಯರ್ ಇವು ಯಾವುವೂ ಬೇಡ. ಔಷಧದ ನೀರಲ್ಲಿ ಅದ್ದಿ ಸರಿಯಾಗಿ ಆರಿಸದೆ ಚೀಲಕ್ಕೆ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಮದ್ದು ಹಾಕಿದ್ದೇವೆ ಎಂಬ ಧೈರ್ಯದಲ್ಲಿ ಜನ ನೋಡಲೂ ಹೋಗುವುದಿಲ್ಲ, ಒಳಗೆ ತೇವಕ್ಕೆ ಎಲ್ಲ ಕೊಳೆತಿರುತ್ತದೆ.

ವಾರಕ್ಕೊಮ್ಮೆ ಚೀಲವನ್ನು ಅಲ್ಲಾಡಿಸಿ, ಮೂಗಿನ ಹತ್ತಿರ ಹಿಡಿಯಿರಿ. ಹುಳಿ ವಾಸನೆ ಬಂದರೆ ಎಲ್ಲವನ್ನೂ ಹೊರಗೆ ಸುರಿದು ಮೆತ್ತಗಿರುವುದನ್ನು ತೆಗೆದುಹಾಕಿ. ಗೆಡ್ಡೆಯ ಕತ್ತಿನಲ್ಲಿ ಬಿಳಿ ಹಿಟ್ಟು ಅಂಟಿದಂತಿದ್ದರೆ ಹಿಟ್ಟು ತಿಗಣೆ ಇರಬಹುದು. ಸಿಪ್ಪೆ ಸುಲಿದು ಒರೆಸಿ, ಬೇರೆ ಇಡಿ.

ನಾಲ್ಕರಿಂದ ಆರು ವಾರ ಸಾಕು. ಅದರ ನಡುವೆ ನೆತ್ತಿಯಲ್ಲಿ ಹಸಿರು ಕಂಡರೆ ಹಾಳಾಯಿತು ಎಂದಲ್ಲ, ನಿದ್ದೆ ಮುಗಿಯಿತು ಎಂದರ್ಥ. ಕ್ಯಾಲೆಂಡರ್ ನೋಡದೆ ನೆಟ್ಟುಬಿಡಿ. ಇನ್ನೂ ತಿಂಗಳುಗಟ್ಟಲೆ ಇಟ್ಟರೆ ಗೆಡ್ಡೆ ಹಗುರಾಗಿ, ಸುಕ್ಕಾಗಿ, ಹೂ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ.

ಹಂತ 11: ಮತ್ತೆ ನೆಡುವುದು

ನೆಡುವ ರೀತಿ ಹಂತ 4ರಲ್ಲಿ ಹೇಳಿದ್ದೇ. ಜಾಗ ಮಾತ್ರ ಬದಲಾಯಿಸಿ. ಎರಡು ಮೂರು ವರ್ಷ ಸುಗಂಧರಾಜ ಇದ್ದ ಮಣ್ಣಿನಲ್ಲಿ ಬೇರುಗಂಟು ಜಂತುಹುಳು, ಬುಡ ಕೊಳೆ ರೋಗದ ಬೀಜಗಳು ಸೇರಿಕೊಂಡಿರುತ್ತವೆ. ಅಲ್ಲಿ ಒಂದು ಬೆಳೆ ಚೆಂಡುಹೂವು ಬೆಳೆದರೆ ಜಂತುಹುಳು ಕಡಿಮೆಯಾಗುತ್ತದೆ. ಬೇರೆ ಜಾಗವೇ ಇಲ್ಲದವರು ಗೆಡ್ಡೆ ಒಣಗುತ್ತಿರುವ ದಿನಗಳಲ್ಲೇ ಮಡಿಗೆ ನೀರು ಹಾಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಕಪ್ಪು ಹಾಳೆಯಲ್ಲಿ ಅಷ್ಟು ಕಾವು ಒಳಗಿಳಿಯುವುದಿಲ್ಲ. ಕುಂಡದವರಿಗೆ ಸುಲಭ, ಹಳೆ ಮಣ್ಣನ್ನು ಬೇರೆ ಗಿಡಕ್ಕೆ ಹಾಕಿ ಹೊಸ ಮಣ್ಣು ತುಂಬಿ.

ಎಲೆ ಇರುವಾಗಲೇ ಜಾಗ ಬದಲಿಸಬೇಕಾದರೆ

ಬಾಡಿಗೆ ಮನೆ ಖಾಲಿ ಮಾಡುವಾಗ ಗಿಡದ ನಿದ್ದೆ ಮುಗಿಯುವವರೆಗೆ ಯಾರೂ ಕಾಯುವುದಿಲ್ಲ ಅಲ್ವಾ. ಅಂಥ ಹೊತ್ತಿನಲ್ಲಿ ಬಿಡಿಸುವ ಯೋಚನೆ ಬಿಡಿ. ಹಿಂದಿನ ದಿನ ನೀರು ಹಾಕಿ, ಸಂಜೆ ಹೊತ್ತು ಅಥವಾ ಮೋಡ ಇರುವ ದಿನ, ಇಡೀ ಹಿಂಡನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಗೋಣಿಯಲ್ಲಿ ಸುತ್ತಿ ಒಯ್ಯಿರಿ. ಮೊದಲಿದ್ದ ಆಳಕ್ಕೇ ಇಳಿಸಿ, ನೀರು ಕೊಟ್ಟು, ನಾಲ್ಕೈದು ದಿನ ನೆರಳು ಮಾಡಿ. ಹೂದಂಟು ಎದ್ದಿದ್ದರೆ ಅದನ್ನು ಕೊಯ್ದು ಹೂದಾನಿಗೆ ಹಾಕಿಬಿಡಿ. ಆ ಸಲದ ಹೂವು ಕಡಿಮೆಯಾದರೂ ಗೆಡ್ಡೆಗಳು ಉಳಿಯುತ್ತವೆ.

ತಡಮಾಡಬಾರದ ಸೂಚನೆಗಳು

ಬುಡದಲ್ಲಿ, ಮಣ್ಣಿನ ಮಟ್ಟಕ್ಕೆ, ಹತ್ತಿಯಂಥ ಬಿಳಿ ಎಳೆಗಳು, ಅವುಗಳ ನಡುವೆ ಸಾಸಿವೆ ಗಾತ್ರದ ಕಂದು ಕಾಳುಗಳು: ಬುಡ ಕೊಳೆ ರೋಗ. ಮಳೆಗಾಲದಲ್ಲಿ ಬೇಗ ಹಬ್ಬುತ್ತದೆ. ಆ ಗಿಡವನ್ನು ಸುತ್ತಲಿನ ಮಣ್ಣಿನೊಂದಿಗೆ ತೆಗೆದು ಹೊರಗೆ ಹಾಕಿ. ಆ ಕಾಳುಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಹಾಗಾಗಿ ಅಲ್ಲೇ ಇನ್ನೊಂದು ಗೆಡ್ಡೆ ನೆಡಬೇಡಿ.

ನೀರು ಸಾಕಷ್ಟಿದ್ದರೂ ಮಧ್ಯಾಹ್ನ ಬಾಡುವುದು, ಬೆಳವಣಿಗೆ ಕುಂಠಿತವಾಗುವುದು, ಕಿತ್ತಾಗ ಬೇರಿನಲ್ಲಿ ಗಂಟುಗಳು: ಜಂತುಹುಳು. ಅಂಥ ಗೆಡ್ಡೆಯನ್ನು ಸ್ನೇಹಿತರಿಗೆ ಹಂಚಬೇಡಿ, ಅದರೊಂದಿಗೆ ಹುಳುವನ್ನೂ ಹಂಚಿದಂತೆ. ಈ ತೊಂದರೆ ಇರುವ ಮಣ್ಣಿಗೆ ಶೃಂಗಾರ್ ತಳಿ ಕೊಂಚ ತಾಳಿಕೊಳ್ಳುತ್ತದೆ.

ಮೊಗ್ಗಿನಲ್ಲಿ ತೂತು ಇದ್ದರೆ ಒಳಗೆ ಕಂಬಳಿಹುಳು ಇದೆ, ಆ ಮೊಗ್ಗನ್ನು ಕಿತ್ತು ನಾಶ ಮಾಡಿ. ಹೂವಿನ ಎಸಳು ಸೊಟ್ಟಗಾಗಿ ಕಂದು ಗೀರು ಬಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ ಇರಬಹುದು. ಬೇವಿನೆಣ್ಣೆ ಸಿಂಪಡಿಸಿ, ಬಿಸಿಲಿಳಿದ ಮೇಲೆ.

ಬೇರೆ ಗೆಡ್ಡೆಗಳಿಗೆ ಇದೇ ಕ್ರಮ ಹಾಕಬೇಡಿ

ಗ್ಲಾಡಿಯೋಲಸ್‌ಗೆ ಕ್ರಮ ಹತ್ತಿರದ್ದೇ, ಆದರೆ ಹೂ ಕೊಯ್ಯುವಾಗ ಗಿಡದಲ್ಲಿ ಮೂರು ನಾಲ್ಕು ಎಲೆಯಾದರೂ ಉಳಿಸಬೇಕು. ಹೂ ಮುಗಿದು ಆರರಿಂದ ಎಂಟು ವಾರಕ್ಕೆ, ಎಲೆ ಹಳದಿಯಾದಾಗ ಕೀಳಬೇಕು. ಅಗೆದಾಗ ಹಳೆಯ ಗೆಡ್ಡೆ ಸುಕ್ಕಾಗಿ ಕೆಳಗಿರುತ್ತದೆ, ಹೊಸದು ಅದರ ಮೇಲೆ ಕೂತಿರುತ್ತದೆ. ಹಳೆಯದನ್ನು ತಿರುಚಿ ತೆಗೆಯಿರಿ. ಇದರ ನಿದ್ದೆ ಸುಗಂಧರಾಜದ್ದಕ್ಕಿಂತ ಉದ್ದ, ಅದಕ್ಕೇ ಬೆಳೆಗಾರರು ಮೂರು ತಿಂಗಳು ಶೀತಗೃಹದಲ್ಲಿ ಇಡುತ್ತಾರೆ.

ಅಮರಿಲ್ಲಿಸ್ ಲಿಲ್ಲಿಯನ್ನು ಆಳಕ್ಕೆ ಹೂಳಬಾರದು. ಗೆಡ್ಡೆಯ ಕತ್ತು, ಮೇಲಿನ ಮೂರನೇ ಒಂದು ಭಾಗ ಮಣ್ಣಿನ ಹೊರಗಿರಬೇಕು. ಕಿತ್ತು ಇಡುವ ಅಗತ್ಯವೂ ಇಲ್ಲ. ಏಪ್ರಿಲ್, ಮೇನಲ್ಲಿ ಕೆಂಪು ಚೆಂಡಿನಂತೆ ಅರಳುವ ಫುಟ್‌ಬಾಲ್ ಲಿಲ್ಲಿ ಚಳಿಗಾಲದಲ್ಲಿ ಪೂರ್ತಿ ಮಾಯವಾಗುತ್ತದೆ. ಸತ್ತಿತು ಅಂತ ಆ ಕುಂಡಕ್ಕೆ ಬೇರೆ ಗಿಡ ನೆಟ್ಟು ದಿನಾ ನೀರು ಹಾಕಿ ಕೊಂದವರು ಬಹಳ. ಕುಂಡವನ್ನು ಮಳೆ, ನೀರು ಬೀಳದ ಕಡೆ ಎತ್ತಿಟ್ಟು ಬೇಸಿಗೆ ಮಳೆಗೆ ಹೊರಗೆ ತನ್ನಿ. ಮಳೆ ಲಿಲ್ಲಿಗೆ ಏನೂ ಬೇಡ, ಒತ್ತಾದಾಗ ಬಿಡಿಸಿ ನೆಟ್ಟರಾಯಿತು.

ಟ್ಯೂಲಿಪ್ ತರಿಸುವವರಿಗೂ ಒಂದು ಮಾತು. ನೀಲಿ ಟ್ಯೂಲಿಪ್‌ನ ಫೋಟೊ ಹಾಕಿ ಮಾರುವವರಿಂದ ಕೊಳ್ಳಬೇಡಿ, ಅಂಥ ಅಚ್ಚ ನೀಲಿ ಬಣ್ಣ ಅದರಲ್ಲಿ ಇಲ್ಲ. ನಿಜವಾದ ಗೆಡ್ಡೆಗೆ 12 ರಿಂದ 16 ವಾರ ತಂಪು ಬೇಕು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ತಂಪು ಕೊಟ್ಟು ತಯಾರು ಮಾಡಿದ ಗೆಡ್ಡೆ ಸಿಕ್ಕಿದರೆ ಡಿಸೆಂಬರಿನಲ್ಲಿ ನೆಟ್ಟು ಒಮ್ಮೆ ಹೂ ನೋಡಬಹುದು, ಮುಂದಿನ ವರ್ಷಕ್ಕೆ ಕಾದಿಡುವ ಶ್ರಮ ಬೇಡ. ನಿಮ್ಮ ಫ್ರಿಜ್ಜಿನಲ್ಲೇ ತಂಪು ಕೊಡುವುದಾದರೆ ಸೇಬು, ಬಾಳೆಹಣ್ಣನ್ನು ಹೊರಗಿಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಅಲ್ಲೇ ಸಾಯುತ್ತದೆ.